ದಿನಕ್ಕೆ ಆರು ಪೆನ್ನಿ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಕೆರೆಯ ಹೂಳೆತ್ತುವ ಬರಗಾಲದ ಕಾಮಗಾರಿ ನಡೀತು. ಕೆಲಸಕ್ಕೆ ಬಂದವರ ಹೆಸರು ಬರೆದುಕೊಳ್ಳೋಕೆ ಒಬ್ಬರು ಬೇಕಿತ್ತು. ಅಕ್ಷರ ದುಂಡಗಿದೆ ಅಂತ ನಮ್ಮ ಚಿಕ್ಕಪ್ಪನಿಗೆ ಆ ಕೆಲಸ ಸಿಕ್ತು. ಉದ್ದನೆಯ ಹಾಳೆ, ಎಡಗಡೆ ಹೆಸರು, ಮೇಲ್ಗಡೆ ಸಾಲಾಗಿ ತಾರೀಖು. ಬಂದವರ ಎದುರು ಒಂದು ಗೀಟು, ಬರದವರ ಎದುರು ಸೊನ್ನೆ. ಊರಲ್ಲಿ ಎಲ್ಲರೂ ಅದನ್ನು ‘ಎನ್ನೆಮ್ಮಾರ್’ ಅನ್ನೋರು. ಅದು ನಾಮಿನಲ್ ಮಸ್ಟರ್ ರೋಲ್ ಅನ್ನೋದರ ಚಿಕ್ಕ ರೂಪ ಅಂತ ನನಗೆ ಗೊತ್ತಾಗಿದ್ದು ಬಿಇ ಮುಗಿಸಿ ಬೆಂಗಳೂರಿಗೆ ಬಂದ ಎಷ್ಟೋ ವರ್ಷದ ಮೇಲೆ.

ಬಟವಾಡೆಯ ದಿನ ಹೊಸದಾಗಿ ಬಂದಿದ್ದ ಗುಮಾಸ್ತನೊಬ್ಬ ಹಾಳೆ ಹಿಡಿದು ಹೆಸರು ಕೂಗ್ತಾ ಹೋದ. ಒಂದು ಹೆಸರಿಗೆ ಯಾರೂ ಮುಂದೆ ಬರಲಿಲ್ಲ. ಪಾಪ, ಅವನಿಗೇನು ಗೊತ್ತು, ಇನ್ನೊಂದ್ಸಲ ಜೋರಾಗಿ ಕೂಗಿದ. ಅದು ಎರಡು ವರ್ಷದ ಹಿಂದೆ ತೀರಿಕೊಂಡಿದ್ದ ನಮ್ಮಜ್ಜನ ಹೆಸರು! ಚಿಕ್ಕಪ್ಪ ಬರೆದ ಹಾಳೆಗೂ ಬಟವಾಡೆಗೆ ಬಂದ ಹಾಳೆಗೂ ನಡುವೆ ಎಲ್ಲೋ ಒಂದು ಕಡೆ ಅಜ್ಜ ಕೆಲಸಕ್ಕೆ ಸೇರಿಕೊಂಡುಬಿಟ್ಟಿದ್ದರು. ಹತ್ತು ದಿನ ಮಣ್ಣು ಹೊತ್ತಿದ್ದರು, ಎರಡು ದಿನ ರಜೆಯನ್ನೂ ಹಾಕಿದ್ದರು.

ಇದೆಲ್ಲ ನೆನಪಾಗಿದ್ದು ಈಚೆಗೆ ಒಂದು ರಾತ್ರಿ. ಆಫೀಸಿನಲ್ಲಿ ರಿಲೀಸ್ ಇತ್ತು, ಆ ಕಡೆಯವರು ಓಕೆ ಅನ್ನೋವರೆಗೂ ಕಾಯಬೇಕು. ನಿದ್ದೆ ತಡೆಯೋಕೆ ಏನೇನೋ ಹುಡುಕ್ತಾ ಕೂತಿದ್ದಾಗ ಒಂದು ಡೇಟಾಬೇಸ್ ಕಣ್ಣಿಗೆ ಬಿತ್ತು. ರೀಡಿಂಗ್ ಮತ್ತು ಸೌತಾಂಪ್ಟನ್ ವಿಶ್ವವಿದ್ಯಾಲಯಗಳ ಇತಿಹಾಸಕಾರರು, ಏಡ್ರಿಯನ್ ಬೆಲ್ ಮತ್ತು ಆನ್ ಕರಿ ಅನ್ನೋರ ನೇತೃತ್ವದಲ್ಲಿ ಮಾಡಿದ್ದು. 1369ರಿಂದ 1453ರವರೆಗೆ ಇಂಗ್ಲೆಂಡಿನ ರಾಜನ ಸಂಬಳ ತಿಂದ ಸೈನಿಕರ ಹೆಸರುಗಳು. ಸುಮಾರು ಎರಡೂವರೆ ಲಕ್ಷ ದಾಖಲೆ! ಹೆಸರು, ದರ್ಜೆ, ಯಾವ ನಾಯಕನ ಕೈಕೆಳಗೆ, ಯಾವ ವರ್ಷ, ಎಲ್ಲಿ. ಇಷ್ಟೂ ಎಲ್ಲಿಂದ ಬಂತು ಅಂತ ನೋಡಿದ್ರೆ, ಬಹುಪಾಲು ಮಸ್ಟರ್ ರೋಲ್‌ಗಳಿಂದ. ಚರ್ಮದ ಹಾಳೆಯ ಮೇಲೆ ಗುಮಾಸ್ತರು ಬರೆದ ಹಾಜರಿ ಪಟ್ಟಿ. ಬಂದವನ ಹೆಸರಿನ ಪಕ್ಕ ಒಂದು ಚುಕ್ಕೆ. ಆರುನೂರು ವರ್ಷದ ಹಿಂದಿನ ಎನ್ನೆಮ್ಮಾರ್ ಕಣ್ರೀ!

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಆ ಕಾಲದ ಯುದ್ಧ ಅಂದ್ರೆ ಸಿನಿಮಾದ ಯುದ್ಧ. ಕುದುರೆ, ಕತ್ತಿ, ಬಾವುಟ, ಒಬ್ಬ ರಾಜ ನಿಂತು ಭಾಷಣ ಮಾಡ್ತಾನೆ, ಎಲ್ಲರೂ ಓ ಅಂತ ನುಗ್ತಾರೆ. ಆ ಓ ಅನ್ನೋರು ಯಾರು, ಅವರಿಗೆ ಊಟ ಹಾಕಿದ್ದು ಯಾರು, ಸಂಬಳ ಎಷ್ಟು ಅಂತ ಕೇಳಬೇಕು ಅಂತ ಹೊಳೆದೇ ಇರಲಿಲ್ಲ.

ಯುದ್ಧದ ಕಥೆಯನ್ನು ಬೇಗ ಹೇಳಿ ಮುಗಿಸ್ತೀನಿ. ಫ್ರಾನ್ಸಿನ ರಾಜ ಗಂಡುಮಕ್ಕಳಿಲ್ಲದೆ ಸತ್ತಾಗ, ನನ್ನ ತಾಯಿ ಅವನ ತಂಗಿ, ಆದ್ದರಿಂದ ಸಿಂಹಾಸನ ನನ್ನದು ಅಂತ ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಹಕ್ಕು ಹೂಡಿದ. ಹೆಣ್ಣಿನ ಕಡೆಯಿಂದ ಹಕ್ಕು ಬರೋದಿಲ್ಲ ಅಂತ ಫ್ರೆಂಚರು ದಾಯಾದಿಯೊಬ್ಬನನ್ನು ಕೂರಿಸಿದ್ರು. ಹಿಂದಿನಿಂದ ಇದ್ದ ಜಮೀನಿನ ತಕರಾರೂ ಇದಕ್ಕೆ ಸೇರಿಕೊಳ್ತು. 1337ರಲ್ಲಿ ಶುರುವಾಗಿ, ನಡುನಡುವೆ ನಿಂತು, 1453ರಲ್ಲಿ ಮುಗೀತು. ನೂರು ವರ್ಷದ ಯುದ್ಧ ಅನ್ನೋ ಹೆಸರು ಹತ್ತೊಂಬತ್ತನೇ ಶತಮಾನದವರು ಇಟ್ಟದ್ದು. ಅದರಲ್ಲಿ ಸತ್ತವರಿಗೆ ತಾವು ನೂರು ವರ್ಷದ ಯುದ್ಧದಲ್ಲಿದ್ದೀವಿ ಅಂತ ಗೊತ್ತಿರಲಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಸೈನ್ಯ ಕಟ್ಟುತ್ತಿದ್ದ ರೀತಿ. ರಾಜ ಒಬ್ಬ ದೊಡ್ಡ ಮನುಷ್ಯನ ಜೊತೆ ಕರಾರು ಮಾಡಿಕೊಳ್ತಾನೆ. ಇಷ್ಟು ಜನ ಕವಚಧಾರಿಗಳು, ಇಷ್ಟು ಜನ ಬಿಲ್ಲುಗಾರರು, ಇಷ್ಟು ತಿಂಗಳು, ಇಷ್ಟು ಸಂಬಳ. ಆ ದೊಡ್ಡ ಮನುಷ್ಯ ಕೆಳಗಿನವರ ಜೊತೆ ಇದೇ ಥರ ಉಪ ಕರಾರು ಮಾಡಿಕೊಂಡು ಜನ ಸೇರಿಸ್ತಾನೆ. ನಮ್ಮ ಇಂಡಸ್ಟ್ರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಲೈಂಟು, ವೆಂಡರು, ವೆಂಡರಿನ ಕೆಳಗೆ ಇನ್ನೊಬ್ಬ ವೆಂಡರು, ಎಲ್ಲಕ್ಕಿಂತ ಕೆಳಗೆ ಕೆಲಸ ಮಾಡೋ ಹುಡುಗ.

ಕರಾರನ್ನು ಒಂದೇ ಚರ್ಮದ ಹಾಳೆಯ ಮೇಲೆ ಎರಡು ಸಲ ಬರೆದು, ನಡುವೆ ಹಲ್ಲು ಹಲ್ಲಾಗಿ ಕತ್ತರಿಸ್ತಿದ್ರು. ಒಂದು ತುಂಡು ರಾಜನ ಹತ್ತಿರ, ಇನ್ನೊಂದು ನಾಯಕನ ಹತ್ತಿರ. ನಾಳೆ ಜಗಳ ಬಂದ್ರೆ ಎರಡನ್ನೂ ಜೋಡಿಸಿ ನೋಡೋದು, ಹಲ್ಲಿಗೆ ಹಲ್ಲು ಕೂಡಿದ್ರೆ ಅಸಲಿ. ಇಂಡೆಂಚರ್ ಅನ್ನೋ ಹೆಸರು ಬಂದಿದ್ದೇ ಆ ಹಲ್ಲಿನಿಂದ. ಲ್ಯಾಟಿನ್ನಿನ ಆ ಹಲ್ಲು ನಮ್ಮ ‘ದಂತ’ಕ್ಕೆ ದೂರದ ದಾಯಾದಿ. ಮುಂದೆ ನಮ್ಮ ದೇಶದ ಕೂಲಿಗಳನ್ನು ಫಿಜಿ, ಮಾರಿಷಸ್, ಗಯಾನಾಗಳ ಕಬ್ಬಿನ ತೋಟಕ್ಕೆ ಹಡಗಿನಲ್ಲಿ ತುಂಬಿ ಕಳಿಸಿದ್ದೂ ಇದೇ ಹೆಸರಿನ ಕರಾರಿನ ಮೇಲೆ. ನಾನು ಕೆಲಸಕ್ಕೆ ಸೇರಿದಾಗ ಎರಡು ವರ್ಷ ಬಿಟ್ಟು ಹೋಗಲ್ಲ ಅಂತ ಬಾಂಡ್ ಬರೆಸಿಕೊಂಡ್ರು. ಪುಣ್ಯಕ್ಕೆ ಅದಕ್ಕೆ ಹಲ್ಲಿರಲಿಲ್ಲ.

1415ರಲ್ಲಿ ಐದನೇ ಹೆನ್ರಿ ಫ್ರಾನ್ಸಿಗೆ ಹೊರಟಾಗ ಇಂಥ ಎಷ್ಟೋ ಕರಾರುಗಳು ಒಂದೇ ದಿನ, ಏಪ್ರಿಲ್ 29ರಂದು ಆದವು. ರಾಜನ ತಮ್ಮ ಕ್ಲಾರೆನ್ಸಿನ ಡ್ಯೂಕ್ 240 ಕವಚಧಾರಿಗಳು, 720 ಬಿಲ್ಲುಗಾರರನ್ನು ತರ್ತೀನಿ ಅಂತ ಒಪ್ಪಿಕೊಂಡ. ಒಬ್ಬ ಕವಚಧಾರಿಗೆ ಮೂವರು ಬಿಲ್ಲುಗಾರರು, ಇದೇ ಆ ವರ್ಷದ ಲೆಕ್ಕ. ಸಂಬಳ ದರ್ಜೆಯ ಮೇಲೆ. ಡ್ಯೂಕಿಗೆ ದಿನಕ್ಕೆ 13 ಶಿಲ್ಲಿಂಗ್ 4 ಪೆನ್ನಿ. ನೈಟ್ ಆದರೆ 2 ಶಿಲ್ಲಿಂಗ್. ಸಾಮಾನ್ಯ ಕವಚಧಾರಿಗೆ 1 ಶಿಲ್ಲಿಂಗ್, ಅಂದ್ರೆ 12 ಪೆನ್ನಿ. ಬಿಲ್ಲುಗಾರನಿಗೆ 6 ಪೆನ್ನಿ.

ಆರು ಪೆನ್ನಿ ಜಾಸ್ತಿಯೋ ಕಮ್ಮಿಯೋ? ನಾನು ಕೂತು ಲೆಕ್ಕ ಹಾಕಿದೆ. ಮೂರು ತಿಂಗಳಿಗೆ 91 ದಿನ ಅಂದ್ರೆ 546 ಪೆನ್ನಿ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಅಲ್ಲಿಗೆ 2 ಪೌಂಡ್, 5 ಶಿಲ್ಲಿಂಗ್, 6 ಪೆನ್ನಿ. 1388ರಲ್ಲಿ ಅದೇ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾನೂನು ಮಾಡಿ, ಕುರಿ ಕಾಯೋನಿಗೆ ವರ್ಷಕ್ಕೆ 10 ಶಿಲ್ಲಿಂಗಿಗಿಂತ ಹೆಚ್ಚು ಕೊಡಬಾರದು ಅಂತ ಕಟ್ಟುಪಾಡು ಹಾಕಿತ್ತು. ಕಾನೂನನ್ನು ಯಾರೂ ಸರಿಯಾಗಿ ಪಾಲಿಸ್ತಿರಲಿಲ್ಲ, ಕುರಿ ಕಾಯೋನಿಗೆ ಊಟ ಯಜಮಾನನದ್ದು, ಬಿಲ್ಲುಗಾರನ ಊಟ ಅವನದ್ದೇ. ಇದೆಲ್ಲ ಕಳೆದರೂ, ಕಾನೂನಿನ ಪ್ರಕಾರ ಕುರಿ ಕಾಯೋನು ನಾಲ್ಕೂವರೆ ವರ್ಷ ದುಡಿಯೋ ದುಡ್ಡನ್ನು ಬಿಲ್ಲುಗಾರ ಮೂರು ತಿಂಗಳಲ್ಲಿ ಎಣಿಸ್ತಿದ್ದ. ಹಳ್ಳಿಯ ಹುಡುಗರು ಯಾಕೆ ಹೆಸರು ಬರೆಸ್ತಿದ್ರು ಅನ್ನೋದಕ್ಕೆ ದೇಶಪ್ರೇಮದ ಕಾರಣ ಹುಡುಕಬೇಕಾಗಿಲ್ಲ. ನಾನೂ ಎಲೆಕ್ಟ್ರಾನಿಕ್ಸ್ ಮೇಲಿನ ಪ್ರೀತಿಯಿಂದ ಇಂಜಿನಿಯರಿಂಗ್ ಸೇರಿದವನಲ್ಲ.

ಇನ್ನು ರಾಜನ ಹತ್ತಿರ ಅಷ್ಟು ದುಡ್ಡು ಇತ್ತಾ? ಇರಲಿಲ್ಲ. ಮೊದಲ ಮೂರು ತಿಂಗಳಿಗೆ ಮುಂಗಡ ಕೊಟ್ಟ. ಎರಡನೇ ಮೂರು ತಿಂಗಳ ಸಂಬಳಕ್ಕೆ ಒಡವೆ ಅಡವಿಟ್ಟ. ಕಿರೀಟ, ಹಾರ, ಬಂಗಾರದ ಪಾತ್ರೆ, ಪೂಜೆಯ ಸಾಮಾನು, ಎಲ್ಲ ನಾಯಕರ ಕೈಗೆ ಹೋಯ್ತು. 1422ರಲ್ಲಿ ಅವನು ಸಾಯೋ ಹೊತ್ತಿಗೂ ಕೆಲವು ಒಡವೆ ಬಿಡಿಸಿಕೊಂಡಿರಲಿಲ್ಲ. ಬಿತ್ತನೆಗೆ ಮುಂಚೆ ಅಮ್ಮನ ಬಳೆ ಸೊಸೈಟಿಗೆ ಹೋಗೋದನ್ನು ನೋಡಿ ಬೆಳೆದವನಿಗೆ ಇದು ಚೆನ್ನಾಗಿಯೇ ಅರ್ಥವಾಗತ್ತೆ. ವ್ಯತ್ಯಾಸ ಇಷ್ಟೇ, ಅಪ್ಪ ಬಿತ್ತೋಕೆ ಅಡವಿಡ್ತಿದ್ದರು.

ಸಂಬಳ ಅಂದ ಮೇಲೆ ಕಳ್ಳಲೆಕ್ಕವೂ ಬಂತು. ನೂರು ಜನರ ಸಂಬಳ ಎತ್ತಿ ತೊಂಬತ್ತು ಜನರನ್ನು ಇಟ್ಟುಕೊಂಡ್ರೆ ಹತ್ತು ಜನರ ದುಡ್ಡು ನಾಯಕನ ಜೇಬಿಗೆ. ಅದನ್ನು ತಡೆಯೋಕೇ ಹಾಜರಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹೆಸರು ಕೂಗಿ, ಬಿಲ್ಲು ಬಾಣ ಇದೆಯಾ ನೋಡಿ, ಚುಕ್ಕೆ ಇಡೋದು. ಮುಂದೆ ನಾರ್ಮಂಡಿಯ ಕೋಟೆಗಳಲ್ಲಿ ಇಂಗ್ಲಿಷರು ಬೀಡುಬಿಟ್ಟಾಗ, ನಾಯಕನ ಪಟ್ಟಿಯನ್ನು ನಂಬದೆ ಕಂಟ್ರೋಲರ್ ಅಂತ ಇನ್ನೊಬ್ಬನನ್ನು ನೇಮಿಸಿ ಅವನ ಕೈಯಲ್ಲಿ ಬೇರೆ ಪಟ್ಟಿ ಬರೆಸ್ತಿದ್ರು. ಅಂದ್ರೆ, ಬಿಲ್ಲುಗಾರರ ಹೆಸರು ಇವತ್ತಿಗೆ ಉಳಿದಿರೋದು ಅವರು ಶೂರರು ಅಂತಲ್ಲ. ಅವರ ನಾಯಕರು ಕಳ್ಳರಿರಬಹುದು ಅನ್ನೋ ಅನುಮಾನಕ್ಕೆ! ನಮ್ಮಜ್ಜನ ಕಥೆ ಆ ಕಂಟ್ರೋಲರ್ ಕೈಗೆ ಸಿಕ್ಕಿದ್ರೆ ಏನು ಮಾಡ್ತಿದ್ದನೋ.

ಡೇಟಾಬೇಸಿನಲ್ಲಿ ಹುಡುಕ್ತಾ ಹೋದ್ರೆ ಜಾನ್, ವಿಲಿಯಂ, ಥಾಮಸ್ ಇವರದ್ದೇ ಜಾತ್ರೆ. ನಮ್ಮ ಕಡೆ ಊರಿಗೆ ಹತ್ತು ಜನ ಮಂಜುನಾಥ ಇರೋ ಹಂಗೆ. ಕಾಗುಣಿತಕ್ಕೆ ನಿಯಮವಿಲ್ಲ, ಒಬ್ಬನೇ ಮನುಷ್ಯ ಮೂರು ಪಟ್ಟಿಯಲ್ಲಿ ಮೂರು ಥರ. 1415ರ ಜಾನ್ ಸ್ಮಿತ್ ಮತ್ತು 1421ರ ಜಾನ್ ಸ್ಮಿತ್ ಒಬ್ಬನೇನಾ? ಪ್ರೈಮರಿ ಕೀ ಇಲ್ಲದ ಟೇಬಲ್ ಕೊಟ್ಟು ರಿಪೋರ್ಟ್ ಮಾಡು ಅಂದ್ರೆ ಎಷ್ಟು ಸಿಟ್ಟು ಬರತ್ತೆ ಅಂತ ನನಗೆ ಗೊತ್ತು. ಅದನ್ನು ತಾಳ್ಮೆಯಿಂದ ಮಾಡಿದವರಿಗೆ ಕೈ ಮುಗೀಬೇಕು.

ಈಗ ಆ ಆರು ಪೆನ್ನಿಗೆ ಅವನು ಮಾಡ್ತಿದ್ದ ಕೆಲಸ ನೋಡೋಣ. ಬಿಲ್ಲು ಅಂದ್ರೆ ಯೂ ಅನ್ನೋ ಮರದ್ದು, ಹೆಚ್ಚುಕಡಿಮೆ ಆಳೆತ್ತರ. ಆ ಕಾಲದ ಬಿಲ್ಲುಗಳು ಅಷ್ಟಾಗಿ ಉಳಿದಿಲ್ಲ. ಆದರೆ 1545ರಲ್ಲಿ ಮುಳುಗಿದ ಮೇರಿ ರೋಸ್ ಅನ್ನೋ ಇಂಗ್ಲಿಷ್ ಯುದ್ಧದ ಹಡಗನ್ನು 1982ರಲ್ಲಿ ಮೇಲೆತ್ತಿದ್ರು. ಅದರಲ್ಲಿ 130ಕ್ಕೂ ಹೆಚ್ಚು ಬಿಲ್ಲುಗಳು, ಸಾವಿರಾರು ಬಾಣಗಳು ಸಿಕ್ಕವು. ಅಳೆದು ನೋಡಿದ್ರೆ ಅವನ್ನು ಪೂರ್ತಿ ಎಳೆಯೋಕೆ 100 ಪೌಂಡಿನಿಂದ ಹಿಡಿದು 150 ಪೌಂಡಿಗೂ ಮೀರಿದ ಬಲ ಬೇಕಿತ್ತಂತೆ. 150 ಪೌಂಡ್ ಅಂದ್ರೆ ಸುಮಾರು 68 ಕಿಲೋ. ಒಂದು ಮೂಟೆ ಸಿಮೆಂಟು 50 ಕಿಲೋ, ನೀವೇ ಊಹೆ ಮಾಡ್ಕೊಳ್ಳಿ. ಆ ಹಡಗಿನಲ್ಲಿ ಸಿಕ್ಕ ಕೆಲವು ಅಸ್ಥಿಪಂಜರಗಳಲ್ಲಿ ಭುಜದ ಮೂಳೆಯೇ ಬೇರೆ ಥರ ಬೆಳೆದಿತ್ತು. ಚಿಕ್ಕಂದಿನಿಂದ ಬಿಲ್ಲು ಎಳೆದೂ ಎಳೆದೂ ಹಾಗಾಗಿರಬೇಕು ಅಂತಾರೆ.

ಚಿಕ್ಕಂದಿನಿಂದಲೇ ಶುರು ಮಾಡಬೇಕಾದ ಕೆಲಸ ಅದು. 1363ರಲ್ಲಿ ಮೂರನೇ ಎಡ್ವರ್ಡ್, ರಜಾದಿನ ಗಂಡಸರೆಲ್ಲ ಬಿಲ್ವಿದ್ಯೆ ಅಭ್ಯಾಸ ಮಾಡಬೇಕು, ಫುಟ್‌ಬಾಲು, ಕೋಳಿಜಗಳ ಇತ್ಯಾದಿ ಕೆಲಸಕ್ಕೆ ಬಾರದ ಆಟ ಆಡಿದ್ರೆ ಜೈಲು ಅಂತ ಆಜ್ಞೆ ಹೊರಡಿಸಿದ. ಅಂದ್ರೆ ಹುಡುಗರು ಫುಟ್‌ಬಾಲು ಆಡ್ತಿದ್ರು ಅಂತಾಯ್ತು! ಐದನೇ ಹೆನ್ರಿಯಂತೂ 1417ರಲ್ಲಿ ಪ್ರತಿ ಹೆಬ್ಬಾತಿನಿಂದ ಆರು ಗರಿ ಕಿತ್ತು ಕಳಿಸಿ ಅಂತ ಜಿಲ್ಲಾಧಿಕಾರಿಗಳಂಥ ಷೆರಿಫ್‌ಗಳಿಗೆ ಬರೆದ. ಬಾಣದ ಹಿಂಬದಿಗೆ ಗರಿ ಕಟ್ಟಬೇಕಲ್ಲ. ಹಿತ್ತಲಿನ ಬಾತುಗಳ ಹಿಂದೆ ಸರ್ಕಾರಿ ನೌಕರರು ಓಡ್ತಿರೋದನ್ನು ನೆನೆಸಿಕೊಂಡು ಆ ರಾತ್ರಿ ಒಬ್ಬನೇ ನಕ್ಕೆ.

ಅಜಿನ್‌ಕೋರ್ಟ್ ಕದನದ ಬಗ್ಗೆ ಹೇಳದೆ ಮುಂದೆ ಹೋಗೋ ಹಾಗಿಲ್ಲ. 1415ರ ಆಗಸ್ಟಿನಲ್ಲಿ ಹನ್ನೆರಡು ಸಾವಿರದ ಆಸುಪಾಸಿನ ಸೈನ್ಯ ನಾರ್ಮಂಡಿಯ ತೀರದಲ್ಲಿ ಇಳೀತು. ಹಾರ್ಫ್ಲೂರ್ ಅನ್ನೋ ಬಂದರನ್ನು ಮುತ್ತಿಗೆ ಹಾಕಿ ಸೆಪ್ಟೆಂಬರ್ 22ಕ್ಕೆ ಗೆದ್ದರು. ಅಷ್ಟರಲ್ಲಿ ಬಿಡಾರದಲ್ಲಿ ರಕ್ತಭೇದಿ. ಜೌಗು ನೆಲ, ಬೇಸಿಗೆ, ಒಂದೇ ಕಡೆ ಸಾವಿರಾರು ಜನ, ಕುಡಿಯೋ ನೀರು ಎಲ್ಲಿಯದೋ. ಕಾಯಿಲೆ ಬಿದ್ದು ವಾಪಸು ಹೋದ ಸಾವಿರಕ್ಕೂ ಹೆಚ್ಚು ಜನರ ಪಟ್ಟಿ ಇವತ್ತಿಗೂ ಲಂಡನ್ನಿನ ಪತ್ರಾಗಾರದಲ್ಲಿದೆ. ಸಂಬಳ ಕಟ್ ಮಾಡಬೇಕಲ್ಲ, ಅದಕ್ಕೆ.

ಉಳಿದವರನ್ನು ಕರ್ಕೊಂಡು ಹೆನ್ರಿ ಇಂಗ್ಲಿಷರ ಕೈಲಿದ್ದ ಕ್ಯಾಲೆಗೆ ಹೊರಟ. ಎಂಟು ದಿನಕ್ಕಾಗುವಷ್ಟು ಊಟ ಕಟ್ಟಿಕೊಂಡಿದ್ರು. ಸೋಮ್ ನದಿಯ ದಡಕ್ಕೆ ಬಂದ್ರೆ ದಾಟೋ ಜಾಗದಲ್ಲೆಲ್ಲ ಫ್ರೆಂಚರ ಕಾವಲು. ನದಿಗುಂಟ ಮೇಲೆ ಮೇಲೆ ನಡೆದು, ಅಕ್ಟೋಬರ್ 19ಕ್ಕೆ ಹೇಗೋ ದಾಟಿದ್ರು. ಊಟ ಮುಗಿದಿತ್ತು. ಭೇದಿ ಮುಗಿದಿರಲಿಲ್ಲ. ಅಕ್ಟೋಬರ್ 24ರ ಸಂಜೆ ನೋಡಿದ್ರೆ ದಾರಿಗೆ ಅಡ್ಡವಾಗಿ ಫ್ರೆಂಚ್ ಸೈನ್ಯ. ರಾತ್ರಿಯಿಡೀ ಮಳೆ.

ಮಾರನೇ ದಿನ ಎರಡು ಕಾಡಿನ ನಡುವಿನ ಹೊಲದಲ್ಲಿ ಎದುರುಬದುರು. ಆಗಷ್ಟೇ ಉತ್ತಿದ್ದ ಹೊಲ. ಇಂಗ್ಲಿಷ್ ಸೈನ್ಯ ಆರರಿಂದ ಒಂಬತ್ತು ಸಾವಿರ, ಅದರಲ್ಲಿ ಬಹುಪಾಲು ಬಿಲ್ಲುಗಾರರು. ಫ್ರೆಂಚರು ಎಷ್ಟಿದ್ದರು ಅಂತ ಇತಿಹಾಸಕಾರರು ಇನ್ನೂ ಜಗಳ ಆಡ್ತಿದ್ದಾರೆ. ಆನ್ ಕರಿಯವರು ಸಂಬಳದ ಲೆಕ್ಕ ಹಿಡಿದು ಹನ್ನೆರಡು ಸಾವಿರ ಅಂದ್ರೆ, ಅದರ ಎರಡರಷ್ಟು ಹೇಳೋರೂ ಇದ್ದಾರೆ. ಯಾವ ಲೆಕ್ಕ ಹಿಡಿದರೂ ಇವರಿಗಿಂತ ಹೆಚ್ಚು, ಇವರಿಗಿಂತ ಚೆನ್ನಾಗಿ ಉಂಡವರು.

ಫ್ರೆಂಚರ ಕುದುರೆ ಪಡೆ ಮೊದಲು ನುಗ್ಗಿತು. ಬಿಲ್ಲುಗಾರರು ಮುಂದೆ ಚೂಪಾದ ಗೂಟ ನೆಟ್ಟುಕೊಂಡಿದ್ದರು. ಬಾಣ ಬಿದ್ದ ಕುದುರೆಗಳು ಬೆದರಿ ತಿರುಗಿ ತಮ್ಮವರ ಮೇಲೇ ನುಗ್ಗಿದವು. ಆಮೇಲೆ ಕವಚಧಾರಿಗಳು ಕಾಲ್ನಡಿಗೆಯಲ್ಲಿ ಬಂದ್ರು. ಇಲ್ಲಿ ಕೆಸರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಉತ್ತು ನೀರು ಕಟ್ಟಿದ ಗದ್ದೆಯಲ್ಲಿ ನಡೆದವರಿಗೆ ಗೊತ್ತು, ಮೊಣಕಾಲಿನವರೆಗೆ ಹೂತ ಕಾಲನ್ನು ಕಿತ್ತು ಮುಂದಿಡೋಕೆ ಎಷ್ಟು ಉಸಿರು ಬೇಕು ಅಂತ. ಹತ್ತು ಹೆಜ್ಜೆಗೇ ತೊಡೆ ನಡುಗತ್ತೆ. ಅದೂ ಹಗುರಾದ ಮೈಯಲ್ಲಿ, ಚಡ್ಡಿಯಲ್ಲಿ. ಆ ಜನ ಇಪ್ಪತ್ತು ಇಪ್ಪತ್ತೈದು ಕಿಲೋ ಕಬ್ಬಿಣ ಹೊತ್ತು, ಮುಖಕ್ಕೆ ಬಾಣ ಬೀಳದಿರಲಿ ಅಂತ ತಲೆ ತಗ್ಗಿಸಿ, ಕುದುರೆಗಳು ತುಳಿದು ಕದಡಿದ ಕೆಸರಿನಲ್ಲಿ ನಡೆದು ಬಂದ್ರು. ಕಾಡು ಎರಡೂ ಕಡೆಯಿಂದ ಒತ್ತಿದಂತೆ ಸಾಲು ಇಕ್ಕಟ್ಟಾಯ್ತು, ಹಿಂದಿನವರು ತಳ್ಳಿದ್ರು, ಮುಂದಿನವರು ಬಿದ್ರು. ಬಿದ್ದವರ ಮೇಲೆ ಇನ್ನಷ್ಟು ಜನ ಬಿದ್ರು. ಎಷ್ಟೋ ಜನ ಗಾಯವೇ ಆಗದೆ ಉಸಿರುಕಟ್ಟಿ ಸತ್ತಿರಬೇಕು. ಬಾಣ ಮುಗಿದ ಬಿಲ್ಲುಗಾರರು ಕೊಡಲಿ, ಕತ್ತಿ, ಗೂಟ ಹೊಡೆಯೋ ಸುತ್ತಿಗೆ ಹಿಡಿದು ಒಳಗೆ ನುಗ್ಗಿದ್ರು. ಅವರಲ್ಲಿ ಅನೇಕರು ಬರಿಗಾಲಲ್ಲಿದ್ದರು ಅಂತ ಕಣ್ಣಾರೆ ಕಂಡವರು ಬರೆದಿದ್ದಾರೆ. ಕೆಸರಿನಲ್ಲಿ ಬರಿಗಾಲಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಿಲ್ಲು ಗೆಲ್ಲಿಸಿತು ಅಂತ ಪುಸ್ತಕಗಳು ಹೇಳ್ತವೆ. ನನ್ನ ಕೇಳಿದ್ರೆ ಅರ್ಧ ಪಾಲು ಮಳೆಗೆ ಕೊಡಬೇಕು.

ಗೆದ್ದ ಮೇಲೆ ಇನ್ನೊಂದು ಕೆಲಸ ನಡೀತು. ಕೈದಿಗಳು ನೂರಾರು ಸಂಖ್ಯೆಯಲ್ಲಿ ಸೆರೆ ಸಿಕ್ಕಿದ್ರು. ಆಗಿನ ಯುದ್ಧದಲ್ಲಿ ಕೈದಿ ಅಂದ್ರೆ ಲಾಟರಿ, ಅವನ ಮನೆಯವರು ಒತ್ತೆಹಣ ಕೊಟ್ಟು ಬಿಡಿಸಿಕೊಳ್ತಾರೆ. ಅದರಲ್ಲಿ ಮೂರನೇ ಒಂದು ಪಾಲು ನಾಯಕನಿಗೆ, ನಾಯಕನ ಪಾಲಿನಲ್ಲಿ ಮೂರನೇ ಒಂದು ರಾಜನಿಗೆ, ಮಿಕ್ಕಿದ್ದು ಹಿಡಿದವನಿಗೆ. ಫ್ರೆಂಚರು ಮತ್ತೆ ಮೇಲೆ ಬೀಳ್ತಾರೆ ಅನ್ನೋ ಸುದ್ದಿ ಹಬ್ಬಿ, ಕೈದಿಗಳನ್ನೆಲ್ಲ ಕೊಂದುಹಾಕಿ ಅಂತ ಹೆನ್ರಿ ಆಜ್ಞೆ ಮಾಡಿದ. ಹಿಡಿದವರು ಹಿಂಜರಿದ್ರು. ಕೊನೆಗೆ ಆ ಕೆಲಸಕ್ಕೆ ಇನ್ನೂರು ಜನ ಬಿಲ್ಲುಗಾರರನ್ನು ಹಚ್ಚಿದ ಅಂತ ಆ ಕಾಲದ ಬರಹಗಾರರು ಹೇಳ್ತಾರೆ. ಅದಕ್ಕೂ ದಿನದ ಕೂಲಿ ಆರು ಪೆನ್ನಿಯೇ. ಎಲ್ಲರನ್ನೂ ಕೊಲ್ಲಲಿಲ್ಲ, ಬೆಲೆ ಬಾಳೋರನ್ನು ಉಳಿಸಿಕೊಂಡ್ರು. ರಾಜಮನೆತನದ ಶಾರ್ಲ್, ಆರ್ಲಿಯನ್ಸಿನ ಡ್ಯೂಕ್, ಇಂಗ್ಲೆಂಡಿನಲ್ಲಿ 25 ವರ್ಷ ಸೆರೆಯಲ್ಲಿದ್ದು ಕವಿಯಾಗಿ 1440ರಲ್ಲಿ ಬಿಡುಗಡೆಯಾದ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಡೇಟಾಬೇಸ್ ನೋಡಿ ಖುಷಿಪಟ್ಟೆ, ಸಾಮಾನ್ಯ ಸೈನಿಕನ ಹೆಸರೂ ಉಳಿದಿದೆಯಲ್ಲ ಅಂತ. ಆಮೇಲೆ ಒಂದು ಪ್ರಶ್ನೆ ಕಾಡೋಕೆ ಶುರುವಾಯ್ತು. ಆ ಉತ್ತ ಹೊಲ ಯಾರದ್ದು? ಎತ್ತು ಕಟ್ಟಿ, ಸಾಲು ಹೊಡೆದು, ಮನೆಗೆ ಹೋದ ಒಬ್ಬ ಮನುಷ್ಯ ಇದ್ದನಲ್ಲ. ಆ ವರ್ಷ ಅವನು ಬೆಳೆ ತೆಗೆದನಾ? ಯಾವ ಪಟ್ಟಿಯಲ್ಲೂ ಅವನಿಲ್ಲ. ಅವನಿಗೆ ಯಾರೂ ಸಂಬಳ ಕೊಡ್ತಿರಲಿಲ್ಲ, ಹಾಗಾಗಿ ಅವನ ಹೆಸರು ಬರೆಯೋ ಅಗತ್ಯ ಯಾರಿಗೂ ಬರಲಿಲ್ಲ.

ಈ ಪ್ರಶ್ನೆ ಹಿಡ್ಕೊಂಡು ಅರವತ್ತು ವರ್ಷ ಹಿಂದಕ್ಕೆ ಹೋಗೋಣ. ಈ ಯುದ್ಧದಲ್ಲಿ ದೊಡ್ಡ ಕದನಗಳು ಬೆರಳೆಣಿಕೆಯಷ್ಟು. ಮಿಕ್ಕಿದ್ದೆಲ್ಲ ಸುಡೋದು. ಅದಕ್ಕೆ ಫ್ರೆಂಚಿನಲ್ಲಿ ಶೆವೊಶೆ ಅಂತ ಹೆಸರು, ಕುದುರೆ ಸವಾರಿ ಅಂತ ಅರ್ಥ. 1355ರ ಅಕ್ಟೋಬರಿನಲ್ಲಿ ಎಡ್ವರ್ಡನ ಮಗ, ಮುಂದೆ ಕಪ್ಪು ರಾಜಕುಮಾರ ಅಂತ ಹೆಸರಾದವನು, ಬೋರ್ಡೊ ನಗರದಿಂದ ಹೊರಟು ಮೆಡಿಟರೇನಿಯನ್ ಹತ್ತಿರದ ನಾರ್ಬೋನ್‌ವರೆಗೆ ಹೋಗಿ ಬಂದ. ಎರಡು ತಿಂಗಳು. ದಾರಿಯಲ್ಲಿ ಸಿಕ್ಕ ಊರು, ಬಣವೆ, ಗಿರಣಿ, ಕಾರ್ಕಸೋನ್ ಕೋಟೆಯ ಹೊರಗಿನ ಪಟ್ಟಣ, ಎಲ್ಲಕ್ಕೂ ಬೆಂಕಿ.

ಇದು ಸಿಟ್ಟಿನಲ್ಲಿ ಮಾಡಿದ್ದು ಅಂದುಕೊಂಡ್ರೆ ತಪ್ಪು. ರಾಜಕುಮಾರನ ವ್ಯವಹಾರ ನೋಡಿಕೊಳ್ತಿದ್ದ ಜಾನ್ ವಿಂಗ್‌ಫೀಲ್ಡ್ ಅನ್ನೋನು ಆ ಡಿಸೆಂಬರಿನಲ್ಲಿ ವಿಂಚೆಸ್ಟರಿನ ಬಿಷಪ್ಪನಿಗೆ ಬರೆದ ಪತ್ರ ಉಳಿದಿದೆ. ನಾವು ಹಾಳು ಮಾಡಿದ ಸೀಮೆ ಫ್ರಾನ್ಸಿನ ರಾಜನ ಯುದ್ಧಕ್ಕೆ ವರ್ಷವರ್ಷ ಕೊಡ್ತಿದ್ದ ಹಣ ಅವನ ಅರ್ಧ ರಾಜ್ಯ ಕೊಡೋದಕ್ಕಿಂತ ಹೆಚ್ಚು ಅಂತ ಲೆಕ್ಕ ಒಪ್ಪಿಸ್ತಾನೆ. ಅದಕ್ಕೆ ಆಧಾರವಾಗಿ, ಊರೂರಿನ ತೆರಿಗೆ ವಸೂಲಿಗಾರರ ಮನೆಗಳಲ್ಲಿ ಸಿಕ್ಕ ದಾಖಲೆಗಳನ್ನು ಬೇಕಿದ್ರೆ ತೋರಿಸ್ತೀನಿ ಅಂತಾನೆ. ಇದನ್ನು ಓದಿ ನನಗೆ ಕೈಕಾಲು ತಣ್ಣಗಾಯ್ತು. ಮನೆಗೆ ಬೆಂಕಿ ಇಡೋ ಮುಂಚೆ ಕಡತ ಹುಡುಕಿ ತೆಗೆದು, ಎಷ್ಟು ನಷ್ಟ ಮಾಡಿದ್ವಿ ಅಂತ ಕೂಡಿಸಿ ನೋಡೋ ಮನುಷ್ಯ. ಅವನು ರಾಕ್ಷಸನೇನಲ್ಲ. ಒಳ್ಳೆ ಮ್ಯಾನೇಜರ್.

ಮಾರನೇ ವರ್ಷ, 1356ರಲ್ಲಿ, ಪ್ವಾತಿಯೆ ಕದನದಲ್ಲಿ ಫ್ರಾನ್ಸಿನ ರಾಜ ಜಾನ್ ತಾನೇ ಸೆರೆ ಸಿಕ್ಕಿದ. 1360ರ ಒಪ್ಪಂದದಲ್ಲಿ ಅವನ ಒತ್ತೆಹಣ 30 ಲಕ್ಷ ಬಂಗಾರದ ನಾಣ್ಯ ಅಂತಾಯ್ತು. ಅದನ್ನು ತೆರಿಗೆ ಹಾಕಿ ಕೂಡಿಸಬೇಕಾದವರು, ಹಿಂದಿನ ವರ್ಷಗಳಲ್ಲಿ ಬಣವೆ ಸುಟ್ಟುಹೋದವರು. ಫ್ರಾಂಕ್ ಅನ್ನೋ ನಾಣ್ಯ ಮೊದಲು ಟಂಕಿಸಿದ್ದು ಆಗಲೇ, ರಾಜನ ಬಿಡುಗಡೆಗೆ.

ಒಪ್ಪಂದವಾದ ಮೇಲೆ ಶಾಂತಿ ಬರಬೇಕಿತ್ತು ಅಲ್ವಾ? ಬಂದಿದ್ದು ಲೇಆಫ್. ಸಾವಿರಾರು ಸೈನಿಕರಿಗೆ ಏಕಾಏಕಿ ಕೆಲಸ ಇಲ್ಲ. ಇಪ್ಪತ್ತು ವರ್ಷ ಬೇರೆ ಕಸುಬು ಕಲಿಯದವರು ಊರಿಗೆ ಹೋಗಿ ಏನು ಮಾಡ್ತಾರೆ? ಬೆಂಚಿನ ಮೇಲೆ ಕೂತು ಸಂಬಳ ಎಣಿಸೋ ವ್ಯವಸ್ಥೆ ಆಗ ಇರಲಿಲ್ಲ. ಗುಂಪು ಕಟ್ಟಿಕೊಂಡು ಸ್ವಂತ ವ್ಯಾಪಾರ ಶುರು ಮಾಡಿದ್ರು. 1360ರ ಡಿಸೆಂಬರಿನಲ್ಲಿ ರೋನ್ ನದಿಯ ಸೇತುವೆ ಇರೋ ಪಾಂ ಸೇಂತ್ ಎಸ್ಪ್ರೀ ಪಟ್ಟಣ ಹಿಡಿದು ಅವಿನ್ಯೋನಿನಲ್ಲಿದ್ದ ಪೋಪ್‌ನಿಂದಲೇ ಹಣ ಕೀಳೋಕೆ ಕೂತ್ರು. 1362ರಲ್ಲಿ ಬ್ರಿನ್ಯೆ ಅನ್ನೋ ಕಡೆ ಅವರನ್ನು ಅಡಗಿಸೋಕೆ ಬಂದ ಫ್ರೆಂಚ್ ರಾಜನ ಸೈನ್ಯವನ್ನೇ ಸೋಲಿಸಿದ್ರು. ಎಸೆಕ್ಸಿನ ಹಳ್ಳಿಯ ಜಾನ್ ಹಾಕ್‌ವುಡ್ ಅನ್ನೋನು ಇಟಲಿಗೆ ಹೋಗಿ ಅಲ್ಲಿನ ನಗರಗಳಿಗೆ ಬಾಡಿಗೆ ಯುದ್ಧ ಮಾಡಿ ದೊಡ್ಡ ಶ್ರೀಮಂತನಾದ. ಫ್ಲಾರೆನ್ಸಿನ ಚರ್ಚಿನ ಗೋಡೆಯ ಮೇಲೆ ಕುದುರೆ ಏರಿ ಕೂತಿರೋ ಅವನ ಚಿತ್ರ ಇವತ್ತಿಗೂ ಇದೆ.

ಹಳ್ಳಿಯವರಿಗೆ ಉಳಿದ ದಾರಿ ಎರಡು. ಹಫ್ತಾ ಕೊಡೋದು, ಇಲ್ಲಾ ಓಡೋದು. ಹಫ್ತಾಕ್ಕೆ ಪಾತಿ ಅಂತ ಹೆಸರಿತ್ತು. ಹತ್ತಿರದ ಕೋಟೆಯಲ್ಲಿರೋ ಪಡೆಗೆ ಇಂತಿಷ್ಟು ದವಸ, ಇಂತಿಷ್ಟು ಹಣ, ಕೊಟ್ಟರೆ ಸುಡೋದಿಲ್ಲ. ಎರಡು ಕೋಟೆ ಹತ್ತಿರ ಇದ್ದರೆ ಎರಡಕ್ಕೂ.

ಈ ಕಾಲವನ್ನು ಕಣ್ಣಾರೆ ಕಂಡು ಬರೆದವನೊಬ್ಬ ಇದ್ದಾನೆ, ಜಾನ್ ದ ವೆನೆತ್ ಅನ್ನೋ ಸನ್ಯಾಸಿ. ಓದಿ ಪ್ಯಾರಿಸ್ ಸೇರಿದ ರೈತನ ಮಗ. ಬೇರೆ ಚರಿತ್ರೆಕಾರರು ನೈಟ್‌ಗಳ ಬಾವುಟದ ಬಣ್ಣ ವರ್ಣಿಸ್ತಾ ಕೂತಿದ್ದಾಗ, ಇವನು ಕತ್ತರಿಸದೆ ಬಿಟ್ಟ ದ್ರಾಕ್ಷಿ ಬಳ್ಳಿ, ಉಳದೆ ಬಿಟ್ಟ ಹೊಲ, ಕೋಳಿ ದನ ಕಾಣದ ಬಯಲು, ಇವುಗಳ ಬಗ್ಗೆ ಬರೆದ. ತಾನು ಹುಟ್ಟಿದ ವೆನೆತ್ ಹಳ್ಳಿ ಸುಟ್ಟುಹೋದದ್ದನ್ನೂ ಬರೆದ. ಹಳ್ಳಿಯವರು ಚರ್ಚನ್ನೇ ಕೋಟೆ ಮಾಡಿಕೊಂಡು, ಗೋಪುರದ ಮೇಲೆ ಹುಡುಗರನ್ನು ಕಾವಲಿಗೆ ಕೂರಿಸ್ತಿದ್ರಂತೆ. ದೂರದಲ್ಲಿ ಧೂಳೆದ್ದರೆ ಗಂಟೆ ಬಾರಿಸಬೇಕು. ಹೊಲದಲ್ಲಿದ್ದವರೆಲ್ಲ ಬಿಟ್ಟದ್ದು ಬಿಟ್ಟು ಓಡಿ ಬರಬೇಕು.

ರೈತರಲ್ಲಿ ಒಬ್ಬನ ಹೆಸರು ಉಳಿದಿದ್ದರೆ ಅದೂ ಇವನು ಬರೆದಿದ್ದರಿಂದ. 1359ರಲ್ಲಿ ಕೊಂಪಿಯೆನ್ ಹತ್ತಿರದ ಲೊಂಗೆಯ್ ಹಳ್ಳಿಯ ಜನ ಮಠದ ತೋಟದ ಮನೆಯನ್ನು ಭದ್ರ ಮಾಡಿಕೊಂಡು ಕೂತ್ರು. ಇನ್ನೂರು ಜನ ರೈತರು. ಇಂಗ್ಲಿಷರು ನುಗ್ಗಿ ಅವರ ಮುಖ್ಯಸ್ಥನನ್ನು ಕೊಂದ್ರು. ಅವನ ಆಳು ಒಬ್ಬನಿದ್ದ, ಆನೆಯಂಥ ಮೈ. ದೊಡ್ಡ ಫೆರೆ ಅಂತ ಕರೀತಿದ್ರು. ಅವನು ಕೊಡಲಿ ತಗೊಂಡು ಇಳಿದ. ಕಣದಲ್ಲಿ ತೆನೆ ಬಡಿಯೋ ಹಾಗೆ ರೈತರು ಬಡಿದ್ರು ಅನ್ನೋ ಅರ್ಥದಲ್ಲಿ ಬರೀತಾನೆ, ರೈತನ ಮಗ ಅಲ್ವಾ. ಇಂಗ್ಲಿಷರು ಓಡಿದ್ರು. ಬೆವರಿ ಬಂದ ಫೆರೆ ತಣ್ಣೀರು ಗಟಗಟ ಕುಡಿದು ಜ್ವರ ಬಂದು ಮಲಗಿದ. ಕಾಯಿಲೆ ಬಿದ್ದ ಸುದ್ದಿ ತಿಳಿದು ಹನ್ನೆರಡು ಜನ ಮನೆಗೇ ಬಂದ್ರು. ಹಾಸಿಗೆಯಿಂದೆದ್ದು ಕೊಡಲಿ ಹಿಡಿದು ಐದು ಜನರನ್ನು ಕೊಂದ, ಮಿಕ್ಕವರು ಪರಾರಿ. ಮತ್ತೆ ತಣ್ಣೀರು ಕುಡಿದ. ಈ ಸಲ ಏಳಲಿಲ್ಲ. ಕಥೆಯಲ್ಲಿ ಎಷ್ಟು ಸತ್ಯ ಎಷ್ಟು ಉಪ್ಪುಕಾರ ನೀವೇ ನೋಡ್ಕೊಳ್ಳಿ. ದಣಿದು ಬಂದಾಗ ಒಂದೇ ಸಲಕ್ಕೆ ನೀರು ಕುಡೀಬೇಡ ಅಂತ ನಮ್ಮಜ್ಜಿಯೂ ಬೈತಿದ್ರು.

ಯುದ್ಧ ಹೇಗೆ ಮುಗೀತು ಅಂತ ಕೇಳಿದ್ರೆ, ಸಂಬಳದಿಂದಲೇ. 1445ರಲ್ಲಿ ಫ್ರಾನ್ಸಿನ ಏಳನೇ ಶಾರ್ಲ್ ಅಲೆಮಾರಿ ಪಡೆಗಳಲ್ಲಿ ಕೆಲವನ್ನು ಆರಿಸಿ, ಶಾಂತಿಕಾಲದಲ್ಲೂ ಸಂಬಳ ಕೊಟ್ಟು ಇಟ್ಟುಕೊಳ್ಳೋ ಕಾಯಂ ಸೈನ್ಯ ಮಾಡಿದ, ಮಿಕ್ಕವರನ್ನು ಮನೆಗೆ ಕಳಿಸಿದ. ಅವನ ಫಿರಂಗಿಗಳ ಮುಂದೆ 1453ರ ಜುಲೈ 17ರಂದು ಕಾಸ್ತಿಯೋನ್‌ನಲ್ಲಿ ಇಂಗ್ಲಿಷರು ಕೊನೆಯ ಸಲ ಸೋತರು.

ಅದಕ್ಕೂ ಮುಂಚಿನ ಇನ್ನೊಂದು ಪಟ್ಟಿಯ ಬಗ್ಗೆ ಹೇಳಬೇಕು. 1423ರ ಅಕ್ಟೋಬರಿನದ್ದು. ಫ್ರಾನ್ಸಿನ ಪೂರ್ವ ಅಂಚಿನಲ್ಲಿ ಮ್ಯೂಸ್ ನದಿಯ ದಡದ ಎರಡು ಸಣ್ಣ ಹಳ್ಳಿಗಳು, ಕೊಮೆರ್ಸಿ ಅನ್ನೋ ಊರಿನ ಒಡೆಯನೊಬ್ಬನಿಗೆ ವರ್ಷವರ್ಷ ರಕ್ಷಣೆಯ ಹಣ ಕೊಡ್ತೀವಿ ಅಂತ ಬರೆದುಕೊಟ್ಟ ಪತ್ರ. ಅವನು ಇಂಗ್ಲಿಷನೂ ಅಲ್ಲ, ಅಲ್ಲಿಯವನೇ. ಊರಿನ ಪರವಾಗಿ ಒಪ್ಪಿಕೊಂಡವರಲ್ಲಿ ಒಬ್ಬ ಝಾಕ್ ದಾರ್ಕ್. ನಾಲ್ಕು ವರ್ಷ ಮುಂಚೆ, ನದಿಯ ನಡುಗಡ್ಡೆಯಲ್ಲಿದ್ದ ಹಳೇ ಕೋಟೆಯನ್ನು ದನಕರು ಬಚ್ಚಿಡೋಕೆ ಅಂತ ಗುತ್ತಿಗೆ ಹಿಡಿದವರಲ್ಲೂ ಅವನಿದ್ದ. ಊರ ಹೆಸರು ಡೊಂರೆಮಿ. ಅವನ ಮಗಳಿಗೆ ಪತ್ರ ಬರೆಯೋ ಹೊತ್ತಿಗೆ ಹನ್ನೊಂದು ವರ್ಷದ ಆಸುಪಾಸು. ಜಗತ್ತು ಅವಳನ್ನು ಜೋನ್ ಆಫ್ ಆರ್ಕ್ ಅಂತ ಕರೆಯತ್ತೆ.

1431ರ ಫೆಬ್ರವರಿಯಲ್ಲಿ ರೂಆನ್ ನಗರದಲ್ಲಿ ಅವಳ ವಿಚಾರಣೆ. ಸುತ್ತ ಹತ್ತಾರು ಜನ ಪಂಡಿತರು. ದೇವದೂತರ ದನಿ ಹೇಗಿತ್ತು, ಗಂಡಸಿನ ಬಟ್ಟೆ ಯಾಕೆ ಹಾಕಿದೆ, ದೇವರ ಕೃಪೆ ನಿನ್ನ ಮೇಲಿದೆಯಾ, ಹೀಗೆ ಪ್ರಶ್ನೆಗಳು. ಗುಮಾಸ್ತರು ಒಂದೂ ಬಿಡದೆ ಬರೆದುಕೊಂಡ್ರು. ನಡುವೆ ಯಾರೋ, ಊರಲ್ಲಿದ್ದಾಗ ನೀನು ದನ ಮೇಯಿಸೋಕೆ ಹೋಗ್ತಿದ್ದೆಯಾ ಅಂತ ಕೇಳಿದ್ರು. ದೊಡ್ಡವಳಾದ ಮೇಲೆ ದಿನಾ ಹೋಗ್ತಿರಲಿಲ್ಲ ಅಂದಳು. ಆದರೆ ಹುಲ್ಲುಗಾವಲಿಗೆ ಹೊಡೆಯುವಾಗ ಕೈಜೋಡಿಸ್ತಿದ್ದೆ, ಸೈನಿಕರ ಭಯಕ್ಕೆ ನಡುಗಡ್ಡೆಯ ಕೋಟೆಗೆ ಅವನ್ನು ಹೊಡ್ಕೊಂಡು ಹೋಗುವಾಗಲೂ ಇರ್ತಿದ್ದೆ ಅಂದಳು. ಅದನ್ನೂ ಬರೆದುಕೊಂಡು ಗುಮಾಸ್ತರು ಮುಂದಿನ ಪ್ರಶ್ನೆಗೆ ಹೋದರು.